ನಾಲ್ಕನೇ ಟ್ರ್ಯಾಕಿನ ವೀಣೆ

ಗಂಡ ಕುಡಿದರೆ ತವರಿಗೆ ಹೇಳಿಕೊಳ್ಳಬಹುದು, ಜೂಜಾಡಿದರೆ ದೇವರಿಗೆ ಹರಕೆ ಹೊರಬಹುದು. ಮನೆಗೊಂದು ಸಿಂಥಸೈಜರ್ ತಂದರೆ ಯಾರಿಗೆ ಹೇಳುವುದು? ಅಂಧೇರಿಯ ಪುಟ್ಟಲಕ್ಷ್ಮಿಗೆ ಬಂದದ್ದು ಈ ಮೂರನೆಯ ಕಷ್ಟ.

ಇನ್ಶೂರೆನ್ಸ್ ಆಫೀಸಿನ ಸತ್ಯಮೂರ್ತಿ ಆ ಯಂತ್ರವನ್ನು ಸಿನಿಮಾ ವಾದ್ಯಗಾರನೊಬ್ಬನಿಂದ ಸೆಕೆಂಡ್ ಹ್ಯಾಂಡಿಗೆ ಕೊಂಡು ತಂದಿದ್ದ. ಅದಕ್ಕೆ ತಬಲಾ ಬರುತ್ತಿತ್ತು, ಕೊಳಲು ಬರುತ್ತಿತ್ತು, ಪಿಟೀಲು ಬರುತ್ತಿತ್ತು. ಅಷ್ಟಕ್ಕೇ ನಿಂತಿದ್ದರೆ ಪುಟ್ಟಲಕ್ಷ್ಮಿ ಹೋಗಲಿ ಎಂದು ಬಿಡುತ್ತಿದ್ದಳು. ಅದಕ್ಕೆ ವೀಣೆಯೂ ಬರುತ್ತಿತ್ತು. ಮೈಸೂರಿನಲ್ಲಿ ಎಂಟು ವರ್ಷ ಬೆರಳು ಸವೆಸಿ ಅವಳು ಕಲಿತ ವಿದ್ಯೆಯನ್ನು ಅದು ಗುಂಡಿ ಒತ್ತಿದರೆ ಒಪ್ಪಿಸುತ್ತಿತ್ತು (ಶ್ರುತಿ ಮಾಡುವ ಗೋಜೂ ಇಲ್ಲದೆ). ಯಂತ್ರದ ಮೇಲೆ ಹೊಟ್ಟೆಕಿಚ್ಚು ಪಡುವುದು ಮರ್ಯಾದಸ್ಥ ಹೆಂಗಸಿಗೆ ಶೋಭೆಯಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಪಟ್ಟಳು.

ಆ ಉರಿಗೆ ತುಪ್ಪ ಸುರಿದವರು ಜೋಗೇಶ್ವರಿಯ ಕನ್ನಡ ಸಂಘದ ಕಾರ್ಯದರ್ಶಿ ಶಾಮಣ್ಣನವರು. ಸಂಘದಲ್ಲಿ ಪ್ರತಿ ವಿಜಯದಶಮಿಗೆ ಅದೇ ಒಂದು ಹಾಡಿಗೆ ಹುಡುಗಿಯರ ನೃತ್ಯ. ಒಂಬತ್ತು ವರ್ಷಗಳಿಂದ ವೇದಿಕೆಯ ಎಡಮೂಲೆಯಲ್ಲಿ ಕೂತು ಅದಕ್ಕೆ ವೀಣೆ ನುಡಿಸುತ್ತಿದ್ದವಳು ಪುಟ್ಟಲಕ್ಷ್ಮಿ. ಆ ಒಂದು ಸಂಜೆಗಾಗಿ ಒಂದು ರೇಷ್ಮೆ ಸೀರೆ ವರ್ಷವಿಡೀ ಮಡಿಕೆ ಬಿಚ್ಚದೆ ಕಾಯುತ್ತಿತ್ತು.

"ಈ ಸಲ ನೀವು ರೆಸ್ಟ್ ತಗೊಳ್ಳಿ ಅಮ್ಮ. ಮೂರ್ತಿಯವರು ಮೆಷೀನಿಂದ ಕ್ಯಾಸೆಟ್ ಮಾಡಿಕೊಡ್ತಾರಂತೆ. ಆರಾಮಾಗಿ ಮುಂದಿನ ಸಾಲಲ್ಲಿ ಕೂತು ನೋಡಿ" ಎಂದರು ಶಾಮಣ್ಣ.

ರೆಸ್ಟ್ ಬೇಕೆಂದು ಅವಳೇನು ಅರ್ಜಿ ಹಾಕಿದ್ದಳೇ? ಸಿಟ್ಟೆಲ್ಲ ಗಂಡನ ಕಡೆ ತಿರುಗಿತು.

"ಹಾಡೆಲ್ಲ ಅದರ ಹೊಟ್ಟೇಲೇ ಇದೆ ಅಂತೀರಲ್ಲ, ಮತ್ತೆ ಕ್ಯಾಸೆಟ್ ಯಾಕೆ?"

"ಹಾಡಿಲ್ಲ ಕಣೇ, ಯಾವ ಸ್ವರ ಯಾವಾಗ ಅನ್ನೋ ಪಟ್ಟಿ ಇದೆ. ಅಡುಗೆ ಪುಸ್ತಕ ಇದ್ದ ಹಾಗೆ. ಪುಸ್ತಕಾನ ಎಲೆಗೆ ಬಡಿಸೋಕಾಗುತ್ತಾ? ಬೇಯಿಸಿ ಪಾತ್ರೆಗೆ ಇಳಿಸಬೇಕು."

ಆ ಪಾತ್ರೆ ಅಂಧೇರಿಯ ಸ್ಟುಡಿಯೋ ಒಂದರಿಂದ ಎರಡು ದಿನಕ್ಕೆ ಕೇಳಿ ತಂದಿದ್ದ ರೆಕಾರ್ಡರ್. ಅದರಲ್ಲಿ ಒಂದೇ ಟೇಪಿನ ಮೇಲೆ ನಾಲ್ಕು ಟ್ರ್ಯಾಕು, ಒಂದೊಂದಕ್ಕೆ ಒಂದೊಂದು ವಾದ್ಯ. ಶುಕ್ರವಾರ ಸಂಜೆ ಸತ್ಯಮೂರ್ತಿ ಯಂತ್ರದ ತಬಲಾ, ಕೊಳಲು, ಪಿಟೀಲುಗಳನ್ನು ಒಂದಾದ ಮೇಲೊಂದು ಟೇಪಿಗೆ ಇಳಿಸಿ, ಕೊನೆಗೆ ನಾಲ್ಕನೆಯದಕ್ಕೆ ವೀಣೆ ಇಳಿಸುವಾಗ ಕಣ್ಣು ಮುಚ್ಚಿ "ಆಹಾ" ಎಂದ. ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ಹೆಂಡತಿಯ ವೀಣೆಗೆ ಅವನು ಕೊಟ್ಟಿದ್ದ ಅತಿ ದೊಡ್ಡ ಪ್ರಶಸ್ತಿ, "ಮುಗೀತಾ? ಊಟಕ್ಕೆ ಹಾಕು." ಆ "ಆಹಾ" ಅವಳ ಎದೆಗೆ ಸೂಜಿಯಂತೆ ಚುಚ್ಚಿತು.

ಶನಿವಾರ ಅವನು ಆಫೀಸಿಗೆ ಹೋದದ್ದೇ ತಡ, ಪುಟ್ಟಲಕ್ಷ್ಮಿ ಅಕ್ಕಿ ಬೇಳೆ ಒಲೆಗೇರಿಸಿ ಬಂದು ರೆಕಾರ್ಡರಿನ ಮುಂದೆ ಕೂತಳು. ಒಂದರ ಮೇಲೆ ಇನ್ನೊಂದನ್ನು ತುಂಬಿದರೆ ಹಳೆಯದು ತಾನಾಗಿ ಅಳಿಸಿಹೋಗುತ್ತದೆಂದು ಅವನೇ ಹೇಳಿದ್ದ. ಮೈಕನ್ನು ವೀಣೆಯ ಹತ್ತಿರ ಇಟ್ಟು, ಹೆಡ್‌ಫೋನನ್ನು ಕಿವಿಗೇರಿಸಿ, ನಾಲ್ಕನೇ ಟ್ರ್ಯಾಕಿಗೆ ಕೆಂಪು ಗುಂಡಿ ಒತ್ತಿದಳು. ಸಭೆ ಇದನ್ನು ಕೇಳಿ "ಇದು ಯಂತ್ರವಲ್ಲ, ಪುಟ್ಟಲಕ್ಷ್ಮಮ್ಮನ ಕೈ" ಎಂದು ಗುರುತಿಸಬೇಕು, ಆಗ ತಾನು ವಿನಯದಿಂದ ಎದ್ದು ನಿಲ್ಲಬೇಕು, ಎಡಮೂಲೆ ಮತ್ತೆ ತನ್ನದಾಗಬೇಕು. (ಎದ್ದು ನಿಲ್ಲುವ ವಿನಯವನ್ನು ಕನ್ನಡಿಯ ಮುಂದೆ ಎರಡು ಸಲ ಅಭ್ಯಾಸ ಮಾಡಿಯೂ ಆಗಿತ್ತು.)

ಪಲ್ಲವಿ ಸೊಗಸಾಗಿ ಬಂತು. ಕಷ್ಟವಾದದ್ದು ಚರಣದಲ್ಲಿ. ಅಲ್ಲಿ ಅವಳು ಪ್ರತಿ ವರ್ಷವೂ ಚೂರು ಹಿಂದೆ ಬೀಳುತ್ತಿದ್ದಳು. ಮೃದಂಗದ ರಾಮಸ್ವಾಮಿಯವರು ಮರ್ಯಾದೆಗೆ ಕಾದು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು, ಮಿಕ್ಕದ್ದನ್ನು ಗೆಜ್ಜೆಯ ಸದ್ದು ನುಂಗುತ್ತಿತ್ತು. ಯಂತ್ರದ ತಬಲಾಕ್ಕೆ ದಾಕ್ಷಿಣ್ಯವೆಂಬುದಿಲ್ಲ. ಅದು ಯಾರಿಗೂ ಕಾಯದೆ ಮುಂದೆ ಹೋಯಿತು. ಪುಟ್ಟಲಕ್ಷ್ಮಿ ಹಿಂದೆ ಬಿದ್ದು, ಹಿಡಿಯಲು ಓಡಿ, ಎರಡು ಸ್ವರ ಬಿಟ್ಟು, ಅಂತೂ ಮುಗಿಸಿದಳು. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು. ಅವಳ ಕಿವಿಗೆ ಎಲ್ಲ ಅಮೃತವಾಗಿಯೇ ಕೇಳಿಸಿತು. ಎರಡನೇ ಸಲ ಕೇಳಿ ನೋಡುವ ಗೋಜಿಗೂ ಅವಳು ಹೋಗಲಿಲ್ಲ.

ಸಂಜೆ ಸತ್ಯಮೂರ್ತಿ ರೆಕಾರ್ಡರನ್ನು ಸ್ಟುಡಿಯೋಗೆ ಒಯ್ದು, ನಾಲ್ಕನ್ನೂ ಬೆರೆಸಿ ಒಂದು ಮಾಮೂಲಿ ಕ್ಯಾಸೆಟ್ ಮಾಡಿಸಿ ತಂದ. ಮುಖ ಸ್ವಲ್ಪ ಗಂಭೀರವಾಗಿತ್ತು.

ಆಯುಧಪೂಜೆಯ ದಿನ ಪುಟ್ಟಲಕ್ಷ್ಮಿ ಸ್ಕೂಟರಿಗೆ, ಹೊಲಿಗೆ ಮೆಷೀನಿಗೆ, ಈಳಿಗೆಮಣೆಗೆ, ಕೊನೆಗೆ ಸ್ಕ್ರೂಡ್ರೈವರಿಗೂ ಕುಂಕುಮವಿಟ್ಟಳು. ನಡುಮನೆಯಲ್ಲಿ ಮೈಚಾಚಿ ಕೂತಿದ್ದ ಸಿಂಥಸೈಜರ್ ಮಾತ್ರ ಅವಳ ಕಣ್ಣಿಗೆ ಬೀಳಲಿಲ್ಲ.

ಮರುದಿನ ಸಂಘದಲ್ಲಿ ಕ್ಯಾಸೆಟ್ ಹಾಕಿದರು. ಚರಣ ಬಂದಾಗ ಒಂದು ಹುಡುಗಿ ಎಡಕ್ಕೆ, ಇನ್ನೊಬ್ಬಳು ಬಲಕ್ಕೆ ಹೋಗಿ ಡಿಕ್ಕಿ ಹೊಡೆದರು. ನೃತ್ಯ ಮುಗಿದು ಶಾಮಣ್ಣ ಮೈಕು ಹಿಡಿದಾಗ ಪುಟ್ಟಲಕ್ಷ್ಮಿ ಮುಂದಿನ ಸಾಲಿನಲ್ಲಿ ನೆರಿಗೆ ಸರಿಮಾಡಿಕೊಂಡು ಅರ್ಧ ಎದ್ದಳು.

"ಎಷ್ಟಾದರೂ ಯಂತ್ರ ಯಂತ್ರವೇ" ಎಂದರು ಶಾಮಣ್ಣ. "ತಬಲಾ ಚೆನ್ನಾಗಿತ್ತು. ಆದರೆ ಆ ವೀಣೆಯಲ್ಲಿ ಜೀವ ಇತ್ತೇ? ಚರಣದಲ್ಲಿ ತಾಳ ತಪ್ಪಿತು, ನಡುನಡುವೆ ಏನೋ ಸೀಟಿ ಬೇರೆ. ನಮ್ಮ ಪುಟ್ಟಲಕ್ಷ್ಮಮ್ಮ ಒಂಬತ್ತು ವರ್ಷದಲ್ಲಿ ಒಂದು ಸಲ ತಪ್ಪಿದ್ದುಂಟೇ? ಮುಂದಿನ ವರ್ಷ ಅವರದೇ ವೀಣೆ, ಇದೇ ಹಾಡು."

ಚಪ್ಪಾಳೆ ಬಿತ್ತು. ಪೂರ್ತಿ ಏಳಲೂ ಆಗದೆ, ಕೂರಲೂ ಆಗದೆ, ಪುಟ್ಟಲಕ್ಷ್ಮಿ ಅರ್ಧ ಎತ್ತರದಲ್ಲೇ ಕೈ ಮುಗಿದಳು. ಬಯಸಿದ್ದು ಸಿಕ್ಕಿತ್ತು. ನಾಚಿಕೆಯಿಂದ ಕಿವಿ ಸುಡುತ್ತಿತ್ತು.

ಮನೆಗೆ ಮರಳುವಾಗ ಆಟೋದಲ್ಲಿ ಸತ್ಯಮೂರ್ತಿ ಹೇಳಿದ, "ಕುಕ್ಕರ್ ಮೂರು ಸಲ ಕೂಗ್ತು."

"ಯಾವ ಕುಕ್ಕರ್ರು?"

"ನಾಲ್ಕನೇ ಟ್ರ್ಯಾಕಿಂದು. ಸ್ಟುಡಿಯೋದಲ್ಲೇ ಕೇಳಿಸ್ತು."

"ಅಳಿಸಬಹುದಿತ್ತಲ್ಲ."

"ಅಷ್ಟು ಆಸೆಪಟ್ಟು ನುಡಿಸಿದೀಯ, ಇರಲಿ ಅಂತ ಬಿಟ್ಟೆ."

"ಸಭೇಲಾದರೂ ಹೇಳಬಹುದಿತ್ತು. ನಿಮ್ಮ ಮೆಷೀನಿಗೆ ಅವಮಾನ ಆಯ್ತು."

"ಅದಕ್ಕೇನು ಬೇಜಾರಾಗಲ್ಲ. ನಿನಗೆ ಆಗಿದ್ದರೆ ಒಂದು ವಾರ ನನ್ನ ಸಾರಲ್ಲಿ ಉಪ್ಪು ಇರ್ತಿರಲಿಲ್ಲ."

ಮರುದಿನ ಗಂಡ ಆಫೀಸಿಗೆ ಹೋದ ಮೇಲೆ ಪುಟ್ಟಲಕ್ಷ್ಮಿ ಬಾಗಿಲು ಹಾಕಿಕೊಂಡಳು, ಪಕ್ಕದ ಮನೆಯ ರುಕ್ಮಿಣಿಬಾಯಿಗೆ ಕಾಣದಿರಲೆಂದು. ಸಿಂಥಸೈಜರಿಗೆ ಕುಂಕುಮವಿಟ್ಟು, ಪೂಜೆಯಲ್ಲಿ ಮಿಕ್ಕಿದ್ದ ಒಂದು ಚೆಂಡುಹೂವನ್ನೂ ಮುಡಿಸಿದಳು. ವೀಣೆ ಎತ್ತಿಕೊಂಡು ಕೂತು ಗುಂಡಿ ಒತ್ತಿದಳು. ಯಂತ್ರ ಒಂದು ಸ್ವರವೂ ತಪ್ಪದೆ ಚರಣ ಹೇಳಿಕೊಟ್ಟಿತು. ಅವಳು ಹಿಂದೆ ಬಿದ್ದಳು. "ಇನ್ನೊಂದು ಸಲ" ಎಂದು ಮತ್ತೆ ಒತ್ತಿದಳು.

ಆಫೀಸಿಗೆ ಊಟದ ಡಬ್ಬಿ ಒಯ್ಯುವ ಡಬ್ಬಾವಾಲಾ ಬಂದು ಬಾಗಿಲು ತಟ್ಟುವ ಹೊತ್ತಿಗೆ ಅದು ಹದಿನೇಳನೇ ಸಲ. ಅಂದು ಸತ್ಯಮೂರ್ತಿಯ ಡಬ್ಬಿಗೆ ಬರೀ ಅವಲಕ್ಕಿ ಹೋಯಿತು. ಕುಕ್ಕರನ್ನು ಅವಳು ಒಲೆಗೇ ಏರಿಸಿರಲಿಲ್ಲ.