ಕೆಂಪು ಗುಂಡಿಯ ಮೇಲಿನ ಮೂರಕ್ಷರ

ಉದ್ದನೆಯ ಇಂಗ್ಲಿಷ್ ಪದಗಳಿಗೆ ನಾನು ಎಂದೂ ಹೆದರಿದವನಲ್ಲ. ಅವು ದೂರದಿಂದಲೇ ಕಾಣಿಸುತ್ತವೆ. ಅರ್ಥ ಗೊತ್ತಿಲ್ಲದಿದ್ದರೆ ಸಣ್ಣಗೆ ಕೆಮ್ಮಿ ಮುಂದಿನ ಸಾಲಿಗೆ ದಾಟಿಬಿಡಬಹುದು. ಈಗ ನನ್ನ ಎದೆ ಡವಗುಟ್ಟುವುದು ಮೂರು ನಾಲ್ಕು ಅಕ್ಷರಗಳ ಪುಟ್ಟ ಪದಗಳನ್ನು ಕಂಡರೆ. ಕೇಳಿದವರು ನಗುತ್ತಾರೆ. ನಗಲಿ, ಆ ದಿನ ನನ್ನ ಜಾಗದಲ್ಲಿ ಅವರು ನಿಂತಿರಲಿಲ್ಲ.

ಶ್ರೀನಿವಾಸಪುರದ ಹತ್ತಿರ ಮಾವಿನ ಹಣ್ಣಿನ ತಿರುಳು ತೆಗೆಯುವ ಕಾರ್ಖಾನೆಯೊಂದರಲ್ಲಿ ನಾನು ಸೂಪರ್‌ವೈಸರ್. ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವನೆಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರಿಗೆ ನಾನೇ ಹೇಳಿದ್ದೇನೆ. ಈ ಸಲದ ಹಂಗಾಮಿಗೆ ಮಾಲೀಕರು ಜರ್ಮನಿಯಿಂದ ಹಳೆಯ ಯಂತ್ರವೊಂದನ್ನು ತರಿಸಿದರು. ಅದನ್ನು ಜೋಡಿಸಿದವರು ಎಲ್ಲವನ್ನೂ ವಿವರಿಸಿ ಹೋದ ದಿನ ನಾನು ಮುಳಬಾಗಿಲಿನಲ್ಲಿ ಭಾವಮೈದುನನ ಮದುವೆಯ ಊಟಕ್ಕೆ ಸಾರು ಬಡಿಸುತ್ತಿದ್ದೆ. ಮರುದಿನ ಬಂದು ಬೇರೆಯವರನ್ನು ಕೇಳುವುದು ಮರ್ಯಾದೆಗೆ ಕಡಿಮೆಯೆನಿಸಿ ಯಂತ್ರದ ಮೇಲಿದ್ದುದನ್ನು ನಾನೇ ಓದಿಕೊಂಡೆ. ಹಣ್ಣು ಸಾಗಿಸುವ ಬೆಲ್ಟಿನ ಪಕ್ಕದಲ್ಲಿ ದೊಡ್ಡದೊಂದು ಕೆಂಪು ಗುಂಡಿ. ಅದರ ಮೇಲೆ ಎನ್, ಓ, ಟಿ. ಆಮೇಲೆ ಎ, ಯು, ಎಸ್. ‘ನಾಟ್ ಅಸ್’! ಸ್ಪೆಲಿಂಗ್ ತುಸು ತಪ್ಪಿದೆ, ಪಾಪ, ಅವರ ಇಂಗ್ಲಿಷ್ ಅಷ್ಟಕ್ಕಷ್ಟೇ ಅಂದುಕೊಂಡೆ. ನಾವಲ್ಲ, ಅಂದರೆ, ನಾವು ಮುಟ್ಟತಕ್ಕದ್ದಲ್ಲ. ಹಣ್ಣು ಆರಿಸುವ ಹೆಂಗಸರನ್ನೆಲ್ಲ ಕರೆದು, ಇದನ್ನು ಯಾರೂ ಮುಟ್ಟಕೂಡದೆಂದು ಎಚ್ಚರಿಸಿದೆ ಕೂಡ.

ಮೂರನೆಯ ದಿನ ಮಧ್ಯಾಹ್ನ ಆ ಹೆಂಗಸರಲ್ಲಿ ಒಬ್ಬಳಾದ ನಾರಾಯಣಮ್ಮ ಸೆಕೆ ತಾಳಲಾರದೆ ಏಪ್ರನ್ ಬಿಚ್ಚಿಟ್ಟು ಕೆಲಸಕ್ಕೆ ನಿಂತಿದ್ದಳು. ಬಾಗಿದಾಗ ಸೆರಗು ಬೆಲ್ಟಿನ ರೋಲರಿಗೆ ಸಿಕ್ಕಿತು. ಬೆಲ್ಟು ಅವಸರ ಮಾಡಲಿಲ್ಲ. ನಿಧಾನವಾಗಿ, ಸೀರೆಯನ್ನೂ ಅದರ ಹಿಂದೆ ಅವಳನ್ನೂ ಎಳೆದುಕೊಳ್ಳತೊಡಗಿತು.

“ದೇವುಡಾ! ನಿಲ್ಸಿ ಸಾರ್, ನಿಲ್ಸಿ!”

ಗುಂಡಿ ನನ್ನ ಕೈಗೆ ಒಂದು ಗೇಣು ದೂರದಲ್ಲಿತ್ತು. ಕೈ ಹೋಯಿತು, ಆ ಮೂರಕ್ಷರ ಕಂಡು ನಿಂತಿತು. ಒತ್ತಿದರೆ ಯಂತ್ರ ಇನ್ನೂ ಜೋರಾಗಿ ತಿರುಗಿಬಿಟ್ಟರೆ? ಆ ಹೊತ್ತಿನಲ್ಲೂ ನಾನು ಓದುತ್ತಲೇ ಇದ್ದೆನೆಂದು ನೆನೆದರೆ ಇಂದಿಗೂ ಬೆವರುತ್ತೇನೆ.

“ಪಕ್ಕಕ್ಕೆ ಸರೀರಿ!” ಎಂದು ಬೆಲ್ಟಿನ ಆ ತುದಿಯಲ್ಲಿ ಹಣ್ಣು ಆರಿಸುತ್ತಿದ್ದು ಓಡಿಬಂದ ಮುನಿರತ್ನಮ್ಮ ನನ್ನನ್ನು ತಳ್ಳಿ ಅಂಗೈಯಿಂದ ಗುಂಡಿಯನ್ನು ಗುದ್ದಿದಳು. ಬೆಲ್ಟು ನಿಂತಿತು. ನಾರಾಯಣಮ್ಮನ ಗಲ್ಲಕ್ಕೂ ರೋಲರಿಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಉಳಿದಿತ್ತು. ಕತ್ತಿನ ಮೇಲೆ ಸೆರಗು ಬಿಗಿದ ಕೆಂಪು ಬರೆ.

ಸಂಜೆ, ಯಂತ್ರ ಜೋಡಿಸಿ ಹೋಗಿದ್ದ ಬೆಂಗಳೂರಿನ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. “ಸಾರ್, ಅದು ಇಂಗ್ಲಿಷ್ ಅಲ್ಲ, ಜರ್ಮನ್. ನೋಟ್ ಅಂತ ಓದ್ಬೇಕು, ಆಪತ್ತು ಅಂತ ಅರ್ಥ. ಔಸ್ ಅಂದ್ರೆ ಆಫ್,” ಎಂದ. ಆಮೇಲೆ ಮೊಬೈಲಿನಲ್ಲಿ ಹುಡುಕಿ ಓದಿದೆ. ಆ ‘ನೋಟ್’ ಇಂಗ್ಲಿಷಿನ ‘ನೀಡ್’ಗೆ ಒಡಹುಟ್ಟಿದ್ದಂತೆ, ಡಚ್ಚರಲ್ಲೂ ಸ್ವೀಡನ್ನಿನಲ್ಲೂ ಅದರ ದಾಯಾದಿಗಳಿದ್ದಾರೆ. ನನ್ನ ‘ನಾಟ್’ ಇದೆಯಲ್ಲ, ಅದು ‘ಏನೂ ಇಲ್ಲ’ ಎಂಬ ಹಳೆಯ ಮಾತು ಸವೆದು ಉಳಿದ ಚೂರು. ಅದಕ್ಕೂ ಇದಕ್ಕೂ ನಂಟೇ ಇಲ್ಲ. ಇನ್ನಷ್ಟು ಕೆಳಗೆ ಓದಿದೆ. ‘ಗಿಫ್ಟ್’ ಎಂದರೆ ಜರ್ಮನ್‌ನಲ್ಲಿ ವಿಷ! ಮೊದಲು ಅಲ್ಲೂ ‘ಕೊಟ್ಟದ್ದು’ ಎಂದೇ ಇದ್ದುದು, ಔಷಧಿಯಂತೆ ಕೊಡುತ್ತ ಕೊಡುತ್ತ ಅರ್ಥ ವಿಷಕ್ಕೆ ಬಂದು ನಿಂತಿತಂತೆ. ಸ್ವೀಡನ್ನಿನಲ್ಲಿ ಅದೇ ಪದಕ್ಕೆ ವಿಷವೆಂದೂ ಮದುವೆಯಾದವರೆಂದೂ ಎರಡರ್ಥ. ನಗಲು ಪುರುಸೊತ್ತಿರಲಿಲ್ಲ. ಯಂತ್ರದ ಜೊತೆಗೆ ಬಂದಿದ್ದ ಒಂದು ಡಬ್ಬಿಯ ಮೇಲೆ ಅದೇ ನಾಲ್ಕಕ್ಷರ ನೋಡಿದ ನೆನಪಾಗಿ ಸ್ಟೋರಿಗೆ ಓಡಿದೆ. ಸ್ಟೋರ್‌ಕೀಪರ್ ಅದನ್ನು ಆಯುಧಪೂಜೆಗೆ ಹಂಚೋಣವೆಂದು ಬೀರುವಿನಲ್ಲಿ ಜೋಪಾನವಾಗಿಟ್ಟಿದ್ದ. ಪುಣ್ಯಕ್ಕೆ ಮುಚ್ಚಳ ತೆಗೆದಿರಲಿಲ್ಲ.

ಮರುದಿನ ಗುಂಡಿಯ ಮೇಲೆ ದಪ್ಪಕ್ಷರದಲ್ಲಿ ‘ಅಪಾಯವಾದರೆ ಒತ್ತಿ’ ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಬರೆದು ಅಂಟಿಸಿದೆ. ಮುನಿರತ್ನಮ್ಮನನ್ನು ಕರೆದು, “ನಾನು ಮುಟ್ಟಬೇಡ ಅಂದಿದ್ದೆ, ಆದರೂ ನಿನಗೆ ಧೈರ್ಯ ಹೇಗೆ ಬಂತಮ್ಮ?” ಎಂದು ಕೇಳಿದೆ.

ಅವಳು ಚೀಟಿಯನ್ನು ಮೇಲಿಂದ ಕೆಳಗೆ ನೋಡಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಧೈರ್ಯ ಎಲ್ಲಿ ಬಂತು ಸಾರ್? ಜೋಡಿಸ್ದೋರು ಅದನ್ನ ಒತ್ತಿ ನಿಲ್ಸಿದ್ದು ನೋಡಿದ್ದೆ, ಅಷ್ಟೇ. ನಂಗೆ ಓದೋಕೆ ಬರಲ್ಲ. ಬಂದಿದ್ರೆ ನಾನೂ ನಿಮ್ಮಂಗೇ ನಿಂತ್ಕೊಂಡಿರ್ತಿದ್ದೆ.”