ನೋಯದ ಸೂಜಿ

ರಿಪೇರಿಯಣ್ಣ ಆ ಬೆಳಿಗ್ಗೆ ತುಳಿದದ್ದು ತಾನೇ ಬೀಳಿಸಿದ್ದ ಮೊಳೆಯನ್ನು. ಮೊಳೆಗೆ ತುಕ್ಕು ಹಿಡಿದಿತ್ತು. ಅಂಗಾಲಿನಿಂದ ಅದನ್ನು ಕಿತ್ತು, ರಕ್ತ ಒರೆಸಿ, ಏನೂ ಆಗಿಲ್ಲವೆಂಬಂತೆ ಚಪ್ಪಲಿ ಮೆಟ್ಟಿದ. ಆದರೆ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಬಟ್ಟೆಯಿಂದ ಕಣ್ಣೆತ್ತದೆಯೇ ಮನೆಯಲ್ಲಿ ನಡೆಯುವುದೆಲ್ಲ ಅವಳಿಗೆ ಕಾಣುತ್ತಿತ್ತು.

“ಇಂಜೆಕ್ಷನ್ ಹಾಕಿಸ್ಕೊಳ್ಳಿ,” ಎಂದಳು, ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ.

“ಗೀರಿದ್ದಷ್ಟೆ. ಒಣಗುತ್ತೆ ಬಿಡು.”

“ರೀ, ನನ್ನ ಹತ್ರ ಈ ಆಟ ಬೇಡ.”

ಆಸ್ಪತ್ರೆಯಲ್ಲಿ ಕೆಟ್ಟ ಯಂತ್ರಗಳನ್ನೆಲ್ಲ ಸರಿಮಾಡುವ ರಿಪೇರಿಯಣ್ಣನಿಗೆ ಇಂಜೆಕ್ಷನ್ ಎಂದರೆ ಪ್ರಾಣಭಯ. ಸೂಜಿಯ ಟ್ರೇ ಎದುರು ಬಂದರೆ ಸಾಕು, ಫ್ಯಾನು ಸರಿಯಾಗಿ ತಿರುಗುತ್ತಿದೆಯೇ ಎಂದು ತಲೆಯೆತ್ತಿ ನೋಡುತ್ತ ನಿಲ್ಲುತ್ತಿದ್ದ. ಕೆಲಸದ ಮೇಲೆ ಎಂಥ ನಿಗಾ ಎಂದು ಎಲ್ಲರೂ ಮೆಚ್ಚಿಕೊಂಡಿದ್ದರು. ನಿಜ ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೆ.

ಈ ಭಯದಿಂದಲೇ ಅವನು ಇಷ್ಟು ವರ್ಷ ಅಡುಗೆಮನೆಯ ಮೂಲೆಯಲ್ಲಿ ಕೂತು ಒಂದು ಉಪಕರಣ ಕಂಡುಹಿಡಿದಿದ್ದ. ನೋಡಲು ಟಾರ್ಚಿನ ಹಾಗೆ. ಒಳಗೆ ಗಡ್ಡ ಬೋಳಿಸುವ ಯಂತ್ರದ ಮೋಟಾರು, ಔಷಧದ ಕೊಳವೆ, ತುದಿಯಲ್ಲಿ ಕೂದಲೆಳೆಯಂಥ ಸೂಜಿ. “ಕೈಸೂಜಿ ಬಟ್ಟೆ ಎಳೆಯುತ್ತೆ, ಮಿಶನ್ನಿನ ಸೂಜಿ ಎಳೆಯಲ್ಲ ನೋಡಿ,” ಎಂದು ಹೆಂಡತಿ ಒಮ್ಮೆ ಮಾತಿಗೆ ಹೇಳಿದ್ದೇ ಅದರ ಬೀಜ. ಸೂಜಿ ಸಣ್ಣಗೆ ನಡುಗುತ್ತ ಚರ್ಮದೊಳಗೆ ಜಾರಬೇಕು, ಚುಚ್ಚಿಸಿಕೊಂಡವರಿಗೆ ಗೊತ್ತೇ ಆಗಬಾರದು. ಗುಂಯ್ ಎನ್ನುತ್ತಿದ್ದುದರಿಂದ ಹೆಂಡತಿ ಅದನ್ನು ಸೊಳ್ಳೆ ಎಂದು ಕರೆದಳು. ಕಿತ್ತಳೆ, ದಿಂಬು, ಕೊನೆಗೆ ಹೆಂಡತಿಯ ತೋಳು, ಎಲ್ಲದರ ಮೇಲೂ ಪರೀಕ್ಷೆಯಾಗಿತ್ತು. ನೋವಾಗಲಿಲ್ಲ ಎಂದು ಅವಳು ಹೇಳಿದ್ದಳು. ಆದರೆ ಬೆರಳಿಗೆ ಸೂಜಿ ಹೊಕ್ಕರೂ ಹೊಲಿಗೆ ನಿಲ್ಲಿಸದವಳ ಸಾಕ್ಷಿಯನ್ನು ಎಷ್ಟೆಂದು ನಂಬುವುದು? ತನ್ನ ತೋಳಿನ ಮೇಲೆ ಮಾತ್ರ ಅವನು ಇನ್ನೂ ಪ್ರಯೋಗಿಸಿರಲಿಲ್ಲ.

“ಇವತ್ತೇ ತಾನೇ ಸೊಳ್ಳೆನ ದೊಡ್ಡ ಡಾಕ್ಟರಿಗೆ, ಆ ಔಷಧದ ಕಂಪನಿ ಮೇಡಮ್ಮಿಗೆ ತೋರ್ಸೋದು? ಮೊದಲು ನಿಮ್ಮ ತೋಳಿಗೇ ಹಾಕಿಸ್ಕೊಳ್ಳಿ,” ಎಂದಳು. “ಇಲ್ಲಾಂದ್ರೆ ನಾನೇ ಬಂದು ಹಳೇ ಸೂಜೀಲಿ ಹಾಕಿಸ್ತೀನಿ.”

ಅಷ್ಟರಲ್ಲಿ ಮೇಲ್ಮನೆಯ ಮೇಷ್ಟ್ರು ಇಳಿದು ಬಂದರು. “ತುಕ್ಕು ಮೊಳೆಯಂತೆ? ನನಗೆ ಗೊತ್ತಿದ್ದವರೊಬ್ಬರು ಹೀಗೇ ಉದಾಸೀನ ಮಾಡಿ ದವಡೆ ಕಚ್ಚಿಕೊಂಡುಬಿಡ್ತು. ಮಾತೇ ನಿಂತುಹೋಯ್ತು.”

“ಹಾಗಾದ್ರೆ ನಿಮಗೆ ಚುಚ್ಚಬೇಕಿತ್ತು ಆ ಮೊಳೆ,” ಎಂದರು ಹಿಂದೆಯೇ ಬಂದ ಕೆಳಮನೆಯ ಅಜ್ಜಿ. “ನಡಿಯಪ್ಪಾ, ನಾನೂ ಬರ್ತೀನಿ. ನಂದೂ ಇವತ್ತು ಶಕ್ತಿ ಇಂಜೆಕ್ಷನ್ನು.”

ಹೀಗೆ ಕುಂಟುವ ರಿಪೇರಿಯಣ್ಣನ ಹಿಂದೆ ಹೆಂಡತಿ, ಮೇಷ್ಟ್ರು, ಅಜ್ಜಿ ಹೊರಟರು. ದಾರಿಯುದ್ದಕ್ಕೂ ಅವನು ಚೀಲದಲ್ಲಿದ್ದ ಸೊಳ್ಳೆಯನ್ನು ತಡವುತ್ತಿದ್ದ. ಅದು ಗೆದ್ದರೆ ಈ ಜನ್ಮದ ಭಯವೇ ತೀರಿತು. ಸೋತರೆ ಕಂಪನಿಯೂ ಹೋಯಿತು, ಊರೆದುರು ಕಿರುಚಿ ಮಾನವೂ ಹೋಯಿತು.

ಆಸ್ಪತ್ರೆಯ ಸಭಾಂಗಣ ತುಂಬಿತ್ತು. ದೊಡ್ಡ ಡಾಕ್ಟರು ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಕಂಪನಿಯ ಮೇಡಂ. ರಿಪೇರಿಯಣ್ಣ ಕುರ್ಚಿಯಲ್ಲಿ ಕೂತು ತೋಳು ಚಾಚಿ, ಸೊಳ್ಳೆಯನ್ನು ಹೆಡ್ ನರ್ಸಮ್ಮನ ಕೈಗೆ ಕೊಟ್ಟ. ಕಣ್ಣು ಬಿಗಿಯಾಗಿ ಮುಚ್ಚಿದ. ಗುಂಯ್ ಎಂದಿತು. ಮುಖದಲ್ಲಿ ಬೆವರು ಮಳೆಗಾಲದ ಗೋಡೆಯ ಹಾಗೆ ಒಸರಿತು.

“ಹಾಕಿ ಸಿಸ್ಟರ್. ಕಾಯಿಸ್ಬೇಡಿ, ಹಾಕಿಬಿಡಿ.”

“ಆಯ್ತಲ್ಲ.”

“ಏನಾಯ್ತು?”

“ಇಂಜೆಕ್ಷನ್ನು.”

ಕಣ್ಣು ತೆರೆದ. ತೋಳಿನ ಮೇಲೆ ಸಾಸಿವೆಗಿಂತ ಚಿಕ್ಕ ಕೆಂಪು ಚುಕ್ಕೆ. ಔಷಧದ ಕೊಳವೆ ಖಾಲಿ. ರಿಪೇರಿಯಣ್ಣ ಎದ್ದು ನಿಂತ, ಮೊಳೆ ಚುಚ್ಚಿದ ಕಾಲಿನ ಮೇಲೆಯೇ ಕುಣಿದ. “ಗೊತ್ತೇ ಆಗಲಿಲ್ಲ! ನನಗೇ ಗೊತ್ತಾಗಲಿಲ್ಲ!” ಹಿಂದಿನ ಸಾಲಿನಲ್ಲಿ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಚುಚ್ಚಿದ್ರೆ ತಾನೇ ಗೊತ್ತಾಗೋದು,” ಎಂದರು ಮೇಷ್ಟ್ರು, ಎಲ್ಲರಿಗೂ ಕೇಳುವಂತೆ. “ನಾಟಕ!”

ಸಭೆಯಲ್ಲಿ ಗುಸುಗುಸು ಎದ್ದಿತು. ನೋಡೇಬಿಡೋಣವೆಂದು ಅಜ್ಜಿ ಕುರ್ಚಿ ಹಿಡಿದರು. ನರ್ಸಮ್ಮ ಹೊಸ ಸೂಜಿ ಸಿಕ್ಕಿಸಿ ಕೆಲಸ ಮುಗಿಸಿದರು.

“ಆಯ್ತು ಅಜ್ಜಿ, ಏಳಿ.”

“ಏನಾಯ್ತು? ನೀನು ಹಾಕೇ ಇಲ್ಲ.”

“ಹಾಕಿದೆ ಅಜ್ಜಿ. ನೋಡಿ, ಔಷಧ ಖಾಲಿ.”

“ಸೋರಿಹೋಗಿರ್ಬೇಕು. ಚುರುಕ್ ಅನ್ನದಿದ್ರೆ ಅದೆಂಥ ಇಂಜೆಕ್ಷನ್ನೇ? ನಾನೇನು ನಿನ್ನೆ ಮೊನ್ನೆ ಹುಟ್ಟಿದೋಳಾ? ಸರಿಯಾಗಿ ಹಾಕೋವರೆಗೂ ಏಳಲ್ಲ.”

ಅಜ್ಜಿ ಕುರ್ಚಿಯ ಎರಡೂ ಕೈ ಹಿಡಿದು ಬೇರೂರಿದರು. ತಮ್ಮ ತಮ್ಮ ಬಾಕಿ ಇಂಜೆಕ್ಷನ್ನಿಗೆಂದು ಆಮೇಲೆ ಬಂದವರಿಗೆ ಇನ್ನೊಂದು ಕುರ್ಚಿ ತರಿಸಬೇಕಾಯಿತು. ಆಂಬುಲೆನ್ಸ್ ಡ್ರೈವರು ತೋಳು ತಿಕ್ಕಿ ತಿಕ್ಕಿ ನೋವು ಹುಡುಕಿದ. ಮೇಷ್ಟ್ರು ತಮ್ಮ ಸರದಿ ಮುಗಿದ ಮೇಲೂ ತೋಳು ಇಳಿಸದೆ, “ಹಾಕಿ, ಹಾಕಿ, ನಾನು ರೆಡಿ,” ಎನ್ನುತ್ತಲೇ ಇದ್ದರು. ಒಬ್ಬೊಬ್ಬರಿಗೂ ಔಷಧ ಹೋಗಿತ್ತು, ಒಬ್ಬರಿಗೂ ನಂಬಿಕೆ ಬರಲಿಲ್ಲ. ರಿಪೇರಿಯಣ್ಣನ ಮುಖ ಗಾಳಿ ತೆಗೆದ ಟೈರಿನಂತಾಯಿತು.

ಕೊನೆಗೆ ದೊಡ್ಡ ಡಾಕ್ಟರು ಅಂಗಿಯ ತೋಳು ಮಡಚಿ ಎದ್ದರು. “ನನಗೂ ಒಂದು ಬಾಕಿ ಇದೆ. ಹಾಕಿ. ನೋಡಿ, ನಾನು ವೈದ್ಯ. ಸೂಜಿ ಒಳಗೆ ಹೋದ ಕ್ಷಣವೇ ನನಗೆ ಗೊತ್ತಾಗುತ್ತೆ. ಗೊತ್ತಾಗದೆ ಇರೋಕೆ ಸಾಧ್ಯವೇ ಇಲ್ಲ. ಅಂದಹಾಗೆ, ಯಾಕೆ ತಡ ಮಾಡ್ತಿದ್ದೀರಿ?”

“ಆಗಲೇ ಆಯ್ತು ಸಾರ್.”

ಡಾಕ್ಟರು ಚುಕ್ಕೆ ನೋಡಿದರು, ಖಾಲಿ ಕೊಳವೆ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ರಿಪೇರಿಯಣ್ಣನನ್ನು ಬಾಚಿ ತಬ್ಬಿಕೊಂಡರು. “ಅದ್ಭುತ ಕಣಯ್ಯಾ! ಇಷ್ಟು ದಿನ ಸ್ಕ್ರೂಡ್ರೈವರ್ ಹಿಡ್ಕೊಂಡು ನಮ್ಮ ಮಧ್ಯೆಯೇ ಓಡಾಡ್ತಿದ್ದೆಯಲ್ಲ!”

ಚಪ್ಪಾಳೆ ಸೂರು ಮುಟ್ಟಿತು. ಮೇಷ್ಟ್ರು, “ನಮ್ಮ ಕೆಳಗಿನ ಮನೆಯವರೇ!” ಎಂದು ಪಕ್ಕದವರಿಗೆಲ್ಲ ಪರಿಚಯಿಸತೊಡಗಿದರು. ಕಂಪನಿಯ ಮೇಡಂ ಎದ್ದು ಅವನ ಕೈ ಕುಲುಕಿದರು.

“ಇದು ಮನೆಮನೆಗೂ ಹೋಗಬೇಕು. ನಾವೇ ತಯಾರಿಸ್ತೀವಿ,” ಎಂದರು. ಮತ್ತೆ ಚಪ್ಪಾಳೆ. “ಒಂದೇ ಒಂದು ದೋಷ ಇದೆ.”

“ಏನು ಮೇಡಂ? ಈಗಲೇ ಸರಿಮಾಡ್ತೀನಿ.”

ಮೇಡಂ ಅಜ್ಜಿಯ ಕಡೆ ಕೈ ತೋರಿಸಿದರು. ಅಜ್ಜಿ ಇನ್ನೂ ಕುರ್ಚಿ ಬಿಟ್ಟಿರಲಿಲ್ಲ. “ಜನ ನಂಬಲ್ಲ. ನಂಬದಿದ್ರೆ ಇನ್ನೊಂದು ಕಡೆ ಹೋಗಿ ಮತ್ತೊಂದು ಹಾಕಿಸ್ಕೋತಾರೆ, ಅದು ಅಪಾಯ. ಸ್ವಲ್ಪ ನೋವು ಸೇರಿಸಿಬಿಡಿ.”

“ನೋ... ನೋವಾ?”

“ಸ್ವಲ್ಪವೇ. ಜಾಸ್ತಿ ಆದ್ರೆ ಹೆದರ್ತಾರೆ, ಕಮ್ಮಿ ಆದ್ರೆ ನಂಬಲ್ಲ. ಬೇರೆ ಬೇರೆ ಖಾಲಿ ಸೂಜಿ ಚುಚ್ಚಿ ಚುಚ್ಚಿ ಅಳತೆ ಕಂಡುಹಿಡೀಬೇಕು. ಅದಕ್ಕೆ ಇಂಜೆಕ್ಷನ್ ಅಂದ್ರೆ ನಿಜವಾಗ್ಲೂ ಹೆದರೋರು ಒಬ್ಬರು ಬೇಕು. ಎಲ್ಲಿ ಸಿಕ್ತಾರೋ.”

ರಿಪೇರಿಯಣ್ಣ ತಲೆಯೆತ್ತಿ ಫ್ಯಾನು ನೋಡತೊಡಗಿದ.

ಗಂಡನ ಕೀರ್ತಿಯಿಂದ ಹಿಗ್ಗಿ ಹೀರೇಕಾಯಿಯಾಗಿದ್ದ ಹೆಂಡತಿ ಹಿಂದಿನ ಸಾಲಿನಿಂದ ಎದ್ದು ನಿಂತಳು. ಅವನು ಫ್ಯಾನು ಬಿಟ್ಟು, ಕೂತುಕೋ ಎಂದು ಅವಳತ್ತ ಕೈಸನ್ನೆ ಮಾಡಿದ. ತನ್ನನ್ನು ಕರೆಯುತ್ತಿದ್ದಾನೆ ಎಂದುಕೊಂಡು ಅವಳು ಇನ್ನಷ್ಟು ಮುಂದೆ ಬಂದಳು.

“ಬೇರೆ ಎಲ್ಲೂ ಹುಡುಕ್ಬೇಡಿ ಮೇಡಂ,” ಎಂದಳು, ದನಿ ತುಂಬ ಹೆಮ್ಮೆ. “ನಮ್ಮನೆಯವರಷ್ಟು ಹೆದರೋರು ಇಡೀ ಊರಲ್ಲೇ ಇಲ್ಲ!”

ಈ ಸಲದ ಚಪ್ಪಾಳೆ ಹಿಂದಿನ ಎಲ್ಲವನ್ನೂ ಮೀರಿಸಿತು. ತಾನು ಕಂಡುಹಿಡಿದದ್ದನ್ನು ತನ್ನ ಮೈಮೇಲೇ ತಿದ್ದಲು ಹೊರಟವನೆಂದು ದೊಡ್ಡ ಡಾಕ್ಟರು ಅವನಿಗೆ ಹಾರ ಹಾಕಿದರು. ಹಾರದ ಸಮೇತ ಅವನನ್ನು ಕುರ್ಚಿಯಲ್ಲಿ ಕೂರಿಸಲಾಯಿತು. ನರ್ಸಮ್ಮ ಟ್ರೇ ತಂದರು. ಅದರಲ್ಲಿ ಸೂಜಿಗಳು ಸಣ್ಣದರಿಂದ ದಪ್ಪದವರೆಗೆ ಸಾಲಾಗಿ ಮಲಗಿದ್ದವು.

“ದಪ್ಪದ್ದರಿಂದ ಶುರು ಮಾಡೋಣ ಅಣ್ಣಾ. ಆಮೇಲೆ ಇಳಿಸ್ಕೊಂಡು ಹೋಗೋಣ.”

ಮರುಕ್ಷಣ ಹೊರಟ ಕೂಗಿಗೆ ಸಭಾಂಗಣದ ಕಿಟಕಿಗಳು ಅದುರಿದವು.

ಅಜ್ಜಿ ಮೊದಲ ಬಾರಿಗೆ ಕುರ್ಚಿ ಬಿಟ್ಟೆದ್ದರು. ಮುಖದಲ್ಲಿ ಪೂರ್ತಿ ಸಮಾಧಾನ.

“ಹಾಂ! ಇಂಜೆಕ್ಷನ್ ಅಂದ್ರೆ ಇದು,” ಎಂದರು. “ನರ್ಸಮ್ಮಾ, ನನಗೂ ಅದನ್ನೇ ಹಾಕು.”