ಮಣ್ಣು ಸಮೇತ ಎತ್ತಿದ ನರ

ನಮ್ಮ ಸೋದರತ್ತೆಯ ಒಪ್ಪಿಗೆಯಿಲ್ಲದೆ ನಮ್ಮ ಮನೆತನದಲ್ಲಿ ಒಂದು ಹುಲ್ಲುಕಡ್ಡಿಯೂ ಜಾಗ ಬದಲಿಸುವಂತಿರಲಿಲ್ಲ ಎಂದರೆ ನೀವು ನಗುತ್ತೀರಿ. ಹಡಗಲಿಯಲ್ಲಿ ಮಲ್ಲಿಗೆ ಬೆಳೆದು, ಕಟ್ಟಿ, ಮಾರಿ ಬದುಕಿದವಳು. ಗಿಡವನ್ನು ಎತ್ತಿ ನೆಡುವಾಗ ಬೇರಿನ ಸುತ್ತಲಿನ ಮಣ್ಣೂ ಜೊತೆಗೆ ಬರಬೇಕು, ಇದು ಎಲ್ಲರಿಗೂ ಗೊತ್ತು. ಅತ್ತೆ ಆ ಕಾಯ್ದೆಯನ್ನು ಮನುಷ್ಯರ ಮೇಲೂ ಹೇರಿಬಿಟ್ಟಿದ್ದಳು!

ಚಿಗಟೇರಿಯಿಂದ ಅವಳಿಗೆ ಸೊಸೆ ಬಂದಾಗ ಹಿಂದೆಯೇ ಎರಡು ಕೊಡ ಚಿಗಟೇರಿ ನೀರೂ ಬಂತು. "ಎಂಟು ದಿನ ತನ್ನೂರ ನೀರು ಕುಡೀಲಿ. ಆಮ್ಯಾಲ ನಮ್ಮ ನೀರು ಹಿಡಸ್ತೈತಿ" ಎಂದಳು. ಸೊಸೆ ಬಾಡಲಿಲ್ಲ, ಹದಿನೈದೇ ದಿನಕ್ಕೆ ಅತ್ತೆಗೇ ಎದುರುತ್ತರ ಕೊಡುವಷ್ಟು ಚಿಗುರಿದಳು. ನಮ್ಮಪ್ಪನಿಗೆ ಹರಪನಹಳ್ಳಿಗೆ ವರ್ಗವಾದಾಗ ಹಿತ್ತಲ ಮಣ್ಣಿನ ಚೀಲ ಹೊರಿಸಿ ಬಸ್ಸು ಹತ್ತಿಸಿದಳು. ಚೀಲದಲ್ಲಿ ಏನು ಎಂದು ಕಂಡಕ್ಟರ್ ಕೇಳಿದರೆ ಅಪ್ಪ ಏನು ಹೇಳಬೇಕು?

ತೊಂಬತ್ತರ ದಶಕದ ಕೊನೆಗೆ ಅತ್ತೆಯ ಬಲಗೈ ಕಿರುಬೆರಳು, ಉಂಗುರಬೆರಳು ಜೋಮು ಹಿಡಿದವು, ಮುಟ್ಟಿದ್ದು ಬಿಸಿಯೋ ತಣ್ಣಗೋ ತಿಳಿಯದಾಯಿತು. ಗಂಟು ಸಡಿಲಾಗಿ ಮಾಲೆಯಿಂದ ಹೂ ಉದುರತೊಡಗಿದವು. ದಾವಣಗೆರೆಯ ಡಾಕ್ಟರು ನೋಡಿ, ಮೊಣಕೈ ಹಿಂದೆ ನರ ಒತ್ತಿಕೊಂಡಿದೆ, ಎತ್ತಿ ಮುಂದಕ್ಕೆ ಕೂರಿಸಬೇಕು, ಹಾಗೇ ಬಿಟ್ಟರೆ ಬೆರಳು ಮತ್ತೆ ಹಿಡಿತಕ್ಕೆ ಬರುವುದಿಲ್ಲ ಎಂದರು.

"ಹೂ ಕಟ್ಟದಿದ್ರ ನಾ ಮುಂಜಾನಿ ಯಾಕ ಏಳಬೇಕು?" ಎಂದಳು ಅತ್ತೆ ನನಗೆ ಮಾತ್ರ ಕೇಳುವಂತೆ. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲೇ ಇಲ್ಲ. ನನಗೆ ಹೆದರಿಕೆಯಾಯಿತು.

ಮರುಕ್ಷಣವೇ ಡಾಕ್ಟರ ಕಡೆ ತಿರುಗಿದಳು. "ನರಾನ ಮಣ್ಣು ಸಮೇತ ಎತ್ತೀರೋ, ಬರಿಬೇರು ಕಿತ್ತೀರೋ?"

ನಾನು ನೆಲ ನೋಡಿದೆ. ಡಾಕ್ಟರು ನಗಲಿಲ್ಲ. ಕಾಗದ ತೆಗೆದು ಗೆರೆ ಎಳೆದರು. "ನೋಡಮ್ಮಾ, ನರಕ್ಕೂ ರಕ್ತ ಬೇಕು. ಮೇಲಿನಿಂದ ಎರಡು, ಕೆಳಗಿನಿಂದ ಒಂದು, ಕೂದಲಿನಂಥ ರಕ್ತನಾಳ ಬಂದು ಇದಕ್ಕೆ ಉಣಿಸ್ತವೆ. ಆದಷ್ಟೂ ಕಡಿಯದೆ ಜೊತೆಗೇ ಎತ್ತಿ ತರ್ತೀನಿ."

"ಹಂಗಾದ್ರ ನೀವು ತ್ವಾಟ ಮಾಡೀರಿ ಬಿಡ್ರಿ" ಎಂದು ಅತ್ತೆ ಒಪ್ಪಿದಳು.

ಆಪರೇಷನ್ ದಿನ ಕೈಗಷ್ಟೇ ಮರಗಟ್ಟುವ ಮದ್ದು ಕೊಟ್ಟಿದ್ದರು, ಬಾಯಿಗಲ್ಲವಲ್ಲ! ಪರದೆಯ ಆಚೆಯಿಂದ "ಮೂರೂ ಕಾಲುವಿ ಬಂದುವೇನ್ರಿ?" ಎಂದು ಕೇಳುತ್ತಲೇ ಇದ್ದಳಂತೆ. ಕೊನೆಗೆ ಡಾಕ್ಟರೇ "ಬಂದವು ತಾಯಿ, ಇನ್ನು ಸುಮ್ಮನಿರಿ" ಎಂದರಂತೆ, ಕೈಮುಗಿಯುವುದೊಂದು ಬಾಕಿ.

ತಿಂಗಳುಗಳು ಕಳೆದವು. ಬೆರಳು ಹೇಗಿವೆ ಎಂದವರಿಗೆಲ್ಲ "ಬೇರು ಬಿಡಾಕ ಹೊತ್ತು ಬೇಕಲ್ರಿ" ಎಂಬುದೊಂದೇ ಉತ್ತರ. ಒಂದು ಸಂಜೆ ಕಟ್ಟೆ ಮೇಲೆ ಕೂತು ಮೊಳ ಮಲ್ಲಿಗೆ ಕಟ್ಟಿಯೇ ಬಿಟ್ಟಳು. ಝಾಡಿಸಿ ತೋರಿಸಿದಳು, ಒಂದು ಮೊಗ್ಗೂ ಉದುರಲಿಲ್ಲ. ಗೆದ್ದ ಪೈಲ್ವಾನನ ಹಾಗೆ ಓಣಿಯ ಎರಡೂ ತುದಿ ನೋಡಿದಳು.

ಆಮೇಲೆ ನನ್ನನ್ನು ಎಳೆದು ಕೂರಿಸಿ ಜಡೆಗೆ ಮುಡಿಸಿದಳು. ಅವಳ ಕಿರುಬೆರಳು ನನ್ನ ಕುತ್ತಿಗೆಗೆ ತಾಗಿ ಅಲ್ಲೇ ನಿಂತಿತು.

"ಮೈ ಸುಡತೈತಲ್ಲ. ಜ್ವರ ಬಂದಾವು, ಯಾಕ ಹೇಳಲಿಲ್ಲ ಮಗಳ?"